ಅಟ್ಟೂ ಬಾಯಿಯ ಉತ್ತರ

ನನ್ನ ಗಂಡ ಮಿತ್ರೊಫಾನನಿಗೆ ಬೇಟೆ ಅಷ್ಟಾಗಿ ಕೈ ಹತ್ತಲಿಲ್ಲ. ಸೀಲ್ ನೀರಿನಿಂದ ತಲೆ ಎತ್ತುವ ಹೊತ್ತಿಗೆ ಸರಿಯಾಗಿ ಇವನು ಮೂಗು ಒರೆಸಿಕೊಳ್ಳುತ್ತಿರುತ್ತಾನೆ. ಆದರೆ ಬಾಯಿ ಮಾತ್ರ ದೇವರು ಪುರುಸೊತ್ತಾಗಿ ಕೂತು ಮಾಡಿದ್ದು. ಯಾರ ಮಾತನ್ನಾದರೂ ಒಂದು ಸಲ ಕೇಳಿದರೆ ಸಾಕು, ಮಾರನೆಯ ದಿನ ಆ ಮನುಷ್ಯನೇ ನಮ್ಮ ಒಲೆಯ ಮುಂದೆ ಬಂದು ಕೂತಂತೆ ಆಡಿ ತೋರಿಸುತ್ತಿದ್ದ.

ಅದಕ್ಕೆ ಬೇಕಾದ ಸರಕಿಗೂ ನಮ್ಮಲ್ಲಿ ಬರವಿರಲಿಲ್ಲ. ಉತ್ತರದ ಚಳಿಗಡಲಿನ ದ್ವೀಪಸಾಲಿನಲ್ಲಿ ನಮ್ಮದು ಅಟ್ಕಾ. ನಾವು ಅಟ್ಕಾದವರು ಎಷ್ಟೋ ಮಾತುಗಳಲ್ಲಿ ಮೊದಲು ಮೂಗಿನಿಂದ ಒಂದಿಷ್ಟು ಉಸಿರು ಬಿಟ್ಟು ಆಮೇಲೆ ಸದ್ದನ್ನು ಹಿಡಿಯುತ್ತೇವೆ. ಮೂಡಣ ದ್ವೀಪಗಳವರು ಆ ಉಸಿರನ್ನು ನುಂಗಿಬಿಡುತ್ತಾರೆ. “ಉಸಿರನ್ನೂ ಅಂಗಡಿಯಿಂದ ತರಬೇಕು ಅನ್ಕೊಂಡಿದಾರೆ, ಜಿಪುಣರು” ಎನ್ನುತ್ತಿದ್ದ ಮಿತ್ರೊಫಾನ್. ಅವರೇನು ಸುಮ್ಮನಿದ್ದರೇ? ಅಟ್ಕಾದವರಿಗೆ ವರ್ಷವಿಡೀ ನೆಗಡಿ ಎಂದು ಆಡಿಕೊಂಡರು. ಗಂಟಲ ಬುಡದಲ್ಲಿ ಕೆರೆದು ಹೊರಡಿಸುವ ಸದ್ದುಗಳು ಮಾತ್ರ ಎಲ್ಲ ದ್ವೀಪದವರಿಗೂ ಒಂದೇ. ಅವು ಇರುವುದರಿಂದಲೇ ನಾವೆಲ್ಲ ಒಂದೇ ಜನವೆಂದು ನೆನಪಿರುವುದು.

ಎಲ್ಲಕ್ಕಿಂತ ಹೆಚ್ಚು ನಗು ಬರಿಸುತ್ತಿದ್ದದ್ದು ಅಟ್ಟೂ ಮಾತು. ಪಡುವಣದ ಕೊನೆಯ ದ್ವೀಪ ಅದು. ನಾವು ಎರಡು ತುಟಿ ಸೇರಿಸಿ ಮೂಗಿನಿಂದ ಆಡುವ ಕಡೆ ಅವರು ತುಟಿಯನ್ನು ಮುಚ್ಚುವುದೇ ಇಲ್ಲ. ಬಿಸಿ ಚಹಾ ಆರಿಸುವಂತೆ ನಡುವೆ ಸಣ್ಣ ಸಂದಿ ಬಿಟ್ಟು ಗಾಳಿ ಊದುತ್ತಾರೆ. ಮದುವೆ ಮನೆಯಲ್ಲಿ, ಹೆಸರಿನ ಸಂತನ ಹಬ್ಬದಲ್ಲಿ, ಜನ “ಅಟ್ಟೂ ಮಾಡೋ, ಅಟ್ಟೂ ಮಾಡೋ” ಎಂದು ಇವನನ್ನು ಎಬ್ಬಿಸುತ್ತಿದ್ದರು. ಇವನು ಭುಜ ಕುಗ್ಗಿಸಿ, ಹುಬ್ಬು ಏರಿಸಿ, ಇಲ್ಲದ ಬಟ್ಟಲೊಂದನ್ನು ಕೈಯಲ್ಲಿ ಹಿಡಿದಂತೆ ಮಾಡಿ ಬಾಯಿ ತೆರೆದರೆ ಮುಗಿಯಿತು, ಹೆಂಗಸರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅಟ್ಟೂವಿನವರೂ ನಗುತ್ತಿದ್ದರು. ಮುದುಕ ಮಕಾರಿಯಂತೂ ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದ. ಅಗ್ರಫೀನಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, “ನಿಮ್ಮ ಅಟ್ಕಾದೋರ ಬಾಯಿ ಮುಚ್ಚಿದ ಕಪ್ಪೆಚಿಪ್ಪು ಕಣೋ. ಬೇಯಿಸಿದ್ರೇ ತೆರೆಯೋದು” ಎಂದು ತಿರುಗಿ ಕೊಡುತ್ತಿದ್ದಳು.

ಯುದ್ಧದಲ್ಲಿ ಜಪಾನಿನ ಸೈನಿಕರು ಅಟ್ಟೂ ಊರಿಗೆ ಊರನ್ನೇ ಹಿಡಿದುಕೊಂಡು ಹೋಗಿ ಒತಾರು ಎಂಬ ಪಟ್ಟಣದಲ್ಲಿಟ್ಟಿದ್ದರು. ಅಲ್ಲಿ ಅವರಲ್ಲಿ ಅರ್ಧದಷ್ಟು ಜನ ಸತ್ತರು. ಉಳಿದವರು ತಿರುಗಿ ಬಂದಾಗ ಸರಕಾರ ಅವರನ್ನು ಸ್ವಂತ ಊರಿಗೆ ಬಿಡಲಿಲ್ಲ. ತಂದು ನಮ್ಮ ಅಟ್ಕಾದಲ್ಲಿ ಇಳಿಸಿತು. ನಮ್ಮ ಊರೂ ಸುಟ್ಟುಹೋಗಿ, ನಾವೂ ಬೇರೆ ಕಡೆಯಿಂದ ಆಗಷ್ಟೇ ಮರಳಿದ್ದೆವು. ಇದ್ದದ್ದರಲ್ಲಿ ಜಾಗ ಮಾಡಿಕೊಟ್ಟೆವು. ಮದುವೆಗಳಾದವು, ಮಕ್ಕಳಾದವು, ಮಕ್ಕಳು ನಮ್ಮ ಮಾತು ಕಲಿತವು, ಮೊಮ್ಮಕ್ಕಳು ಇಂಗ್ಲಿಷ್ ಕಲಿತವು. ನಾನು ಹೇಳುವ ವರ್ಷದ ಹೊತ್ತಿಗೆ ನಮ್ಮೂರಲ್ಲಿ ತಮ್ಮ ತಮ್ಮಲ್ಲೇ ಅಟ್ಟೂ ಮಾತಾಡುವವರು ಇಬ್ಬರೇ: ಅಗ್ರಫೀನಕ್ಕ ಮತ್ತು ಮಕಾರಿ. ಅವಳು ಅವನನ್ನು ಮಾವ ಎನ್ನುತ್ತಿದ್ದಳು, ರಕ್ತಸಂಬಂಧವೇನೂ ಇರಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಅವನ ಮನೆಗೆ ಹೋಗಿ ಚಹಾ ಕುಡಿಯುತ್ತ ಇಬ್ಬರೂ ಗಾಳಿ ಊದಿಕೊಂಡು ಕೂರುತ್ತಿದ್ದರು.

ಈಸ್ಟರ್ ಹಬ್ಬದ ಮುಂಚಿನ ದೊಡ್ಡ ಉಪವಾಸ ಶುರುವಾಗುವ ಹಿಂದಿನ ದಿನ ಕ್ಷಮೆಯ ಭಾನುವಾರ. ಸಂಜೆಯ ಪ್ರಾರ್ಥನೆ ಮುಗಿದ ಕೂಡಲೇ ಊರಿನವರೆಲ್ಲ ಗುಡಿಯೊಳಗೆ ಸಾಲಾಗಿ ನಿಂತು, ಒಬ್ಬೊಬ್ಬರ ಮುಂದೂ ಬಗ್ಗಿ “ನನ್ನನ್ನು ಕ್ಷಮಿಸು” ಎನ್ನಬೇಕು. ಕೇಳಿಸಿಕೊಂಡವರು “ದೇವರು ಕ್ಷಮಿಸುತ್ತಾನೆ” ಎನ್ನಬೇಕು. ಅತ್ತೆ ಸೊಸೆಗೆ, ಸಾಲ ಕೊಟ್ಟವ ಸಾಲ ತಗೊಂಡವನಿಗೆ, ಎಲ್ಲರೂ ಎಲ್ಲರಿಗೂ. ಮಿತ್ರೊಫಾನನೂ ಪ್ರತಿ ವರ್ಷ ಅಗ್ರಫೀನಕ್ಕನ ಮುಂದೆ ಬಗ್ಗುತ್ತಿದ್ದ. ಅವಳು ದೇವರು ಕ್ಷಮಿಸುತ್ತಾನೆ ಎನ್ನುತ್ತಿದ್ದಳು. ಉಪವಾಸ ಮುಗಿದ ಮೊದಲ ಔತಣದಲ್ಲೇ ಇವನು ಮತ್ತೆ ಭುಜ ಕುಗ್ಗಿಸುತ್ತಿದ್ದ. ಅದಕ್ಕೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಅಗ್ರಫೀನಕ್ಕ ಮಕಾರಿಯ ಮುಂದೆ ಬಗ್ಗಿದರೆ ಮಾತ್ರ ಸಾಲು ನಿಂತುಬಿಡುತ್ತಿತ್ತು. ಅವರಿಬ್ಬರದು ಅಟ್ಟೂ ಮಾತಿನಲ್ಲೇ ನಡೆಯುತ್ತಿತ್ತು. ಅವಳು ಕೇಳಿದ ಮೇಲೂ ತಲೆ ಎತ್ತುತ್ತಿರಲಿಲ್ಲ, ಅವನು ಹೇಳಿದ ಮೇಲೂ ಒಂದಿಷ್ಟು ಹೊತ್ತು ಹಾಗೇ ಇರುತ್ತಿದ್ದಳು. ಒಂದು ಬೇಸಿಗೆಯಲ್ಲಿ ಗುಡ್ಡದ ಮೇಲೆ ಅವಳೂ ನಾನೂ ಬುಟ್ಟಿ ಹೆಣೆಯಲು ಹುಲ್ಲು ಕೊಯ್ಯುತ್ತಿದ್ದಾಗ ನಾನು ತಮಾಷೆಗೆಂದು ಕೇಳಿದೆ.

“ಅಷ್ಟು ಹೊತ್ತು ಏನಕ್ಕಾ ಬೇಡ್ಕೊಳ್ತೀ? ಅಷ್ಟೊಂದು ಪಾಪ ಮಾಡೋಕೆ ಈ ಊರಲ್ಲಿ ಜಾಗ ಎಲ್ಲಿದೆ?”

ಅವಳು ಹುಲ್ಲಿನ ಎಸಳನ್ನು ಹೆಬ್ಬೆರಳ ಉಗುರಿನಿಂದ ಸೀಳುತ್ತಲೇ ಹೇಳಿದಳು. “ನಮ್ಮ ವಸ್ಸನ ವಿಷಯ. ನನ್ನ ತಂಗಿ. ಒತಾರುನಲ್ಲಿ ಅಮ್ಮಂಗೆ ಎದ್ದು ಕೂರೋಕೂ ಆಗ್ತಿರ್ಲಿಲ್ಲ, ಅನ್ನ ನಾನೇ ಹಂಚ್ತಿದ್ದೆ. ಅವಳದ್ದು ನಾನು ತಿಂದೆ. ಕೇಳಿದ್ಳು. ‘ಆಗ್ಲೇ ತಿಂದ್ಯಲ್ಲೇ, ಮರ್ತುಹೋಯ್ತಾ’ ಅಂದೆ. ಚಿಕ್ಕೋಳು, ನಂಬಿದ್ಳು. ‘ಹೌದಾ ಅಕ್ಕಾ’ ಅಂದ್ಳು.”

“ಹಸಿವು ಅಕ್ಕ. ಒಂದು ದಿನ ತಾನೆ.”

“ಒಂದು ದಿನ ಅಂತ ಯಾರು ಹೇಳಿದ್ರು ನಿಂಗೆ?”

ನಾನು ಇನ್ನೊಂದು ಹಿಡಿ ಹುಲ್ಲು ಕೊಯ್ದೆ. ಅವಳೇ ಮುಂದುವರಿಸಿದಳು. “ಮಾವ ಪಕ್ಕದ ಚಾಪೆ ಮೇಲೆ ಮಲಗಿದ್ದ. ನೋಡಿದ್ದ. ಬೈಲಿಲ್ಲ, ಯಾರಿಗೂ ಹೇಳ್ಲಿಲ್ಲ. ವಸಂತದ ಹೊತ್ತಿಗೆ ವಸ್ಸ ಹೋದ್ಳು. ಈಗ ಅವಳ ಪರವಾಗಿ ಉತ್ತರ ಕೊಡೋಕೆ ಅವನೊಬ್ಬನೇ ಇರೋದು. ಅದೂ ನಮ್ಮ ಮಾತಲ್ಲೇ ಕೊಡ್ಬೇಕು. ಅವಳಿಗೆ ಬೇರೆ ಬರ್ತಿರ್ಲಿಲ್ಲ. ಸತ್ತೋರು ಹೊಸ ಮಾತು ಕಲೀತಾರಾ, ಲುಕೇರಿಯ?”

ಇಷ್ಟು ನನಗೆ ಗೊತ್ತಿತ್ತು. ಗಂಡನಿಗೂ ಹೇಳಿರಲಿಲ್ಲ.

ಆ ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ಮಕಾರಿಗೆ ಲಕ್ವ ಹೊಡೆಯಿತು. ರೇಡಿಯೋದಲ್ಲಿ ಡಾಕ್ಟರು, ಬೆಚ್ಚಗಿಡಿ, ಹಡಗು ಬಂದಾಗ ಕಳಿಸಿಕೊಡಿ ಎಂದರು. ಗಾಳಿ ನಿಂತರಲ್ಲವೇ ಹಡಗು ಬರುವುದು? ಎಡಗೈ, ಎಡಗಾಲು ಬಿದ್ದುಹೋದವು. ಬುದ್ಧಿ ನೆಟ್ಟಗಿತ್ತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೌದು ಅಲ್ಲಗಳಿಗೆ ತಲೆಯಾಡಿಸುತ್ತಿದ್ದ. ಬಾಯಿ ಮಾತ್ರ ಒಂದು ಕಡೆಗೆ ಜೋತುಬಿತ್ತು. ಗಂಟಲ ಬುಡದ ಸದ್ದುಗಳು ಇದ್ದ ಹಾಗೇ ಇದ್ದವು. ಕೋಣೆಯಾಚೆಯಿಂದ ಕೇಳಿದರೆ ಯಾರೋ ದೋಣಿಯ ಮರಳು ಕೆರೆಯುತ್ತಿದ್ದಾರೆ ಅನ್ನಿಸುತ್ತಿತ್ತು. ತುಟಿಯ ಸದ್ದು ಒಂದೂ ಉಳಿಯಲಿಲ್ಲ. ಊದಿದ ಗಾಳಿ ಎಡಗಡೆಯಿಂದ ಜೊಲ್ಲಿನ ಜೊತೆ ಸೋರಿಹೋಗುತ್ತಿತ್ತು.

ಅಗ್ರಫೀನಕ್ಕ ದಿನವೂ ಅವನ ಹಾಸಿಗೆಯ ಪಕ್ಕ ಕೂತು, ಜೋತುಬಿದ್ದ ತುಟಿಯನ್ನು ತನ್ನ ಎರಡು ಬೆರಳಲ್ಲಿ ಎತ್ತಿ ಹಿಡಿದು, “ಈಗ ಊದು ಮಾವ” ಎನ್ನುತ್ತಿದ್ದಳು. ಅವನು ಕಣ್ಣು ಮುಚ್ಚಿ ಊದುತ್ತಿದ್ದ. ದೀಪ ಆರಿಸುವಷ್ಟು ಗಾಳಿ ಬರುತ್ತಿತ್ತು, ಮಾತಾಗುತ್ತಿರಲಿಲ್ಲ. ಆಮೇಲೆ ಆಮೇಲೆ ಅವಳು ಬೆರಳು ತಂದರೆ ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದ.

ಗುಡಿಯಲ್ಲಿ ಪ್ರಾರ್ಥನೆ ಓದುವವನು ಸೆರಾಫಿಮ್. ಪಾದ್ರಿ ವರ್ಷಕ್ಕೊಮ್ಮೆ ಬಂದರೆ ಹೆಚ್ಚು, ಉಳಿದದ್ದೆಲ್ಲ ಇವನದೇ. ಅವನು ಸಮಾಧಾನ ಹೇಳಲು ಬಂದ. “ತಲೆ ಆಡಿಸಿದ್ರೂ ದೇವರಿಗೆ ಗೊತ್ತಾಗುತ್ತೆ ಅಕ್ಕ.”

“ದೇವರಿಗೆ ಗೊತ್ತಾಗುತ್ತೆ ಕಣಪ್ಪ. ವಸ್ಸಂಗೆ? ಅವಳು ಮಣ್ಣಲ್ಲಿದಾಳೆ. ತಲೆ ಆಡಿಸೋದು ಅವಳಿಗೆ ಕಾಣಿಸ್ಬೇಕಲ್ಲ” ಎಂದಳು. ಸೆರಾಫಿಮ್ ಟೋಪಿ ಹಾಕಿಕೊಂಡು ಹೊರಟುಹೋದ.

ಆ ಉತ್ತರವನ್ನು ನಾನೇ ಕಲಿತುಬಿಡುತ್ತೇನೆ, ಮಕಾರಿಯ ಪಕ್ಕ ನಿಂತು ಅವನ ಬದಲು ಹೇಳುತ್ತೇನೆ ಎಂದೆ. ಏನು ಮಹಾ, ಒಂದು ಉಸಿರಿನ ಮಾತು. ಅವರ ಮಾತೂ ನಮ್ಮ ಮಾತೂ ಕೇಳಿದರೆ ಅರ್ಥವಾಗುವಷ್ಟು ಹತ್ತಿರ. ಮಕಾರಿಯ ಹಾಸಿಗೆಯ ಎದುರೇ ಕೂತೆವು, ತಪ್ಪು ಸರಿ ಅವನೇ ಹೇಳಲಿ ಎಂದು.

“ತುಟಿ ಮುಚ್ಚಬೇಡ” ಎಂದಳು ಅಗ್ರಫೀನಕ್ಕ.

ಹೇಳಿದೆ.

“ಮುಚ್ಚಿದೆ.”

“ಇಲ್ಲಕ್ಕ.”

“ಮುಚ್ಚಿದೆ ಕಣೇ, ನಾನು ನೋಡ್ತಾ ಇಲ್ವಾ?”

ನನ್ನ ಬಾಯಿ ನಾನು ಹೇಳಿದ ಹಾಗೆ ಕೇಳಲಿಲ್ಲ. ಹುಟ್ಟಿದಾಗಿನಿಂದ ಮುಚ್ಚಿ ಅಭ್ಯಾಸವಾದ ಬಾಗಿಲು ಅದು. ಬಲವಂತದಿಂದ ತೆರೆದಿಟ್ಟರೆ ಗಾಳಿ ಬರುತ್ತಿತ್ತು, ಆಗ ಗಂಟಲಿನದು ತಪ್ಪುತ್ತಿತ್ತು. ಮಕಾರಿ ಅಲ್ಲ ಅಲ್ಲ ಎಂದು ತಲೆಯಾಡಿಸುತ್ತಿದ್ದ. ಕೊನೆಗೆ ಅಗ್ರಫೀನಕ್ಕ, “ಸರಿಯಾಗಿ ಕೇಳಿಸ್ಕೋ” ಎಂದು ತಾನೇ ನಿಧಾನವಾಗಿ ಹೇಳಿದಳು. ಮಕಾರಿ ಅದಕ್ಕೂ ಅಲ್ಲ ಎಂದು ತಲೆಯಾಡಿಸಿದ.

ಅವಳು ಮತ್ತೊಮ್ಮೆ ಹೇಳಿದಳು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೆ ಅಲ್ಲ ಎಂದ.

“ಇದು ನಿಮ್ಮದಾ ನಮ್ಮದಾ?” ಎಂದು ಅವಳು ನನ್ನನ್ನು ಕೇಳಿದಳು. ನನಗೆ ಏನು ಗೊತ್ತು? ಕೇಳುವ ಮಾತು ಅವಳ ಬಾಯಲ್ಲಿತ್ತು, ಪ್ರತಿ ವರ್ಷ ತಾನೇ ಆಡಿದ್ದು. ಉತ್ತರ ಯಾವಾಗಲೂ ಅವನದು. ನಮ್ಮ ನಡುವೆ ಇದ್ದು ಇದ್ದು ಅವಳ ತುಟಿಯೂ ಅರ್ಧ ನಮ್ಮದಾಗಿತ್ತು, ಅವಳಿಗೆ ತಿಳಿಯದ ಹಾಗೆ. ಅವನ ಮಾತು ಕಿವಿಗೆ ಬೀಳುವವರೆಗೆ ಅದು ಹೇಗೋ ದಾರಿಯಲ್ಲಿತ್ತು. ಈಗ ಅದೂ ಇಲ್ಲ.

ಆಗಲೇ ನನಗೆ ಹೊಳೆದದ್ದು, ನಮ್ಮ ಮನೆಯಲ್ಲೇ ಒಂದು ಬಾಯಿ ಇದೆಯೆಂದು.

ಮಿತ್ರೊಫಾನ್ ಬಾಗಿಲ ಬಳಿ ಕೂತು ಬಲೆ ಸರಿಮಾಡುತ್ತಿದ್ದ. ವಸ್ಸನ ಕತೆ ಹೇಳದೆ, ಇಷ್ಟೇ ಹೇಳಿದೆ: ಮಕಾರಿ ಮಾವನ ಬದಲು ಉತ್ತರ ಹೇಳಬೇಕು, ಅಟ್ಟೂವಿನಲ್ಲಿ.

“ಥೂ, ನಾನಾ? ಗುಡಿಯಲ್ಲಾ? ನಾನಾಡೋದು ತಮಾಷೆಗೆ ಮಾರಾಯ್ತಿ.”

“ಒಂದ್ಸಲ ಹೇಳು ನೋಡೋಣ. ಅವನು ಹೇಳೋದನ್ನ ಎಷ್ಟು ವರ್ಷ ಕೇಳಿಲ್ಲ ನೀನು?”

ಅವನು ಭುಜ ಕುಗ್ಗಿಸಿದ, ಹುಬ್ಬು ಏರಿಸಿದ, ಬಟ್ಟಲು ಹಿಡಿದ, ಹೇಳಿದ. ಮಕಾರಿಯೇ ನಮ್ಮ ಮನೆಯೊಳಗೆ ಬಂದು ನಿಂತಿದ್ದ.

“ಇದೇ. ಈಗ ಸುಮ್ಮನೆ ಹೇಳು, ಕೋತಿ ಹಾಗೆ ಮುಖ ಮಾಡದೆ.”

ಮುಖ ನೆಟ್ಟಗೆ ಮಾಡಿಕೊಂಡು ಹೇಳಿದ. ಬಂದದ್ದು ಶುದ್ಧ ಅಟ್ಕಾ, ನನ್ನ ಅತ್ತೆ ಮಾವ ಆಡುತ್ತಿದ್ದ ಹಾಗೆ. ಇನ್ನೊಮ್ಮೆ ಹೇಳಿದ. ಅದೇ. ಅವನಿಗೇ ಆಶ್ಚರ್ಯ. ಹುಬ್ಬು ಏರಿಸಿದರೆ ಬರುತ್ತಿತ್ತು, ಇಳಿಸಿದರೆ ಹೋಗುತ್ತಿತ್ತು. ಆ ಸದ್ದು ಅವನ ತುಟಿಯಲ್ಲಿರಲಿಲ್ಲ, ಅಣಕದಲ್ಲಿತ್ತು. ಅಲ್ಲಿಂದ ಮುಂದೆ ಅವನು ಮೀನು ಹೊಗೆ ಹಾಕುವ ಗುಡಿಸಿಲಲ್ಲಿ ಒಬ್ಬನೇ ಕೂತು ಸಾಧನೆ ಮಾಡಿದ. ನಾನು ಸೌದೆಗೆ ಹೋದಾಗೆಲ್ಲ ಒಳಗಿನಿಂದ ಒಮ್ಮೆ ಮಕಾರಿ, ಒಮ್ಮೆ ನನ್ನ ಗಂಡ, ಒಮ್ಮೆ ಮಕಾರಿ, ಒಮ್ಮೆ ನನ್ನ ಗಂಡ ಕೇಳಿಸುತ್ತಿದ್ದರು.

“ಆಗಲ್ಲ ಕಣೇ” ಎಂದ ಒಂದು ದಿನ. “ನೆಟ್ಟಗೆ ಹೇಳಕ್ಕೆ ಹೋದ್ರೆ ನನ್ನಪ್ಪ ಬಂದು ಬಾಯಿ ಮುಚ್ತಾನೆ.”

“ಮುಖ ಮಾಡ್ಕೊಂಡೇ ಹೇಳು. ಅಕ್ಕ ಬಗ್ಗಿರ್ತಾಳೆ. ಅವಳಿಗೆ ಕಾಣಲ್ಲ.”

“ಅವಳಿಗೆ ಕಾಣಲ್ಲ. ಊರಿಗೆ?”

ಅಗ್ರಫೀನಕ್ಕನಿಗೆ ಹೋಗಿ ಹೇಳಿದಾಗ ಅವಳು ಒಲೆಗೆ ಇನ್ನೊಂದು ಸೌದೆ ತಳ್ಳಿದಳು. “ಮಿತ್ರೊಫಾನಾ?” ಎಂದಳು. ಇನ್ನೊಮ್ಮೆ, “ಮಿತ್ರೊಫಾನಾ...” ಎಂದಳು. ಆಮೇಲೆ, “ಆಗ್ಲಿ. ಮುಳುಗೋಳು ಯಾರ ಕೈ ಅಂತ ನೋಡ್ತಾಳಾ?” ಎಂದಳು.

ಕ್ಷಮೆಯ ಭಾನುವಾರ ಮಕಾರಿಯನ್ನು ಕುರ್ಚಿಯ ಸಮೇತ ನಾಲ್ಕು ಜನ ಎತ್ತಿಕೊಂಡು ಬಂದು ಗುಡಿಯ ಬಲಗಡೆ ಇಟ್ಟರು. ಹೊರಗೆ ಗಾಳಿ ಗೋಡೆಯನ್ನು ಗುದ್ದುತ್ತಿತ್ತು. ಪ್ರಾರ್ಥನೆ ಮುಗಿದು ಸಾಲು ಶುರುವಾಯಿತು. ಮಿತ್ರೊಫಾನ್ ಕುರ್ಚಿಯ ಹಿಂದೆ ನಿಂತಿದ್ದ, ಸ್ನಾನ ಮಾಡಿ, ಕೂದಲು ನೀರಿನಲ್ಲಿ ಬಾಚಿಕೊಂಡು. ಏತಕ್ಕೆ ಅಲ್ಲಿ ನಿಂತಿದ್ದಾನೆಂದು ಅಗ್ರಫೀನಕ್ಕನಿಗೂ ಸೆರಾಫಿಮನಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕುರ್ಚಿ ಹಿಡಿಯಲು ಎಂದುಕೊಂಡಿದ್ದರು. ಮೊದಲೇ ಹೇಳಿಬಿಡಬೇಕಿತ್ತೇನೋ. ಹೇಳಬೇಕಾದರೆ ವಸ್ಸನ ವಿಷಯ ಹೇಳಬೇಕಾಗುತ್ತಿತ್ತು.

ಅಗ್ರಫೀನಕ್ಕನ ಸರದಿ ಬಂತು. ಅವಳು ಮೊಣಕಾಲೂರಿ, ಹಣೆ ನೆಲಕ್ಕೆ ತಾಗಿಸಿ, ಅಟ್ಟೂ ಮಾತಿನಲ್ಲಿ ಕೇಳಿದಳು. ಅವಳ ಧ್ವನಿ ಸಣ್ಣ ಹುಡುಗಿಯ ಹಾಗಿತ್ತು.

ಮಕಾರಿ ಬಾಯಿ ತೆರೆದ. ಗಂಟಲು ಕೆರೆಯಿತು, ಗಾಳಿ ಸೋರಿತು.

ಮಿತ್ರೊಫಾನ್ ಹೇಳಿದ. ಮುಖ ನೆಟ್ಟಗೆ, ಕೈ ಕೆಳಗೆ, ಒಳ್ಳೆಯ ಮನಸ್ಸಿನಿಂದ. ಬಂದದ್ದು ಅಟ್ಕಾ. ತುಟಿ ಸೇರಿದ ಸದ್ದು ನನಗೂ ಕೇಳಿಸಿತು.

ಅವಳು ಏಳಲಿಲ್ಲ. ಕಾದಳು. ನೆಲದ ಮೇಲೆ ಅವಳ ಕೈಬೆರಳುಗಳು ಒಂದಕ್ಕೊಂದು ಒತ್ತಿಕೊಂಡವು.

ಅವನು ಮತ್ತೆ ಹೇಳಿದ. ಅದೇ. ಹಿಂದಿನ ಸಾಲಿನವರು ಏನಾಯಿತೆಂದು ಕತ್ತು ಚಾಚಿದರು. ಅವನು ನನ್ನ ಕಡೆ ನೋಡಿದ. ಹೇಳು ಎಂದು ಕಣ್ಣಲ್ಲೇ ಅಂದೆ. ಅವನ ಭುಜ ಕುಗ್ಗಿತು. ಹುಬ್ಬು ಏರಿತು. ಎದೆಯ ಮುಂದೆ ಬಟ್ಟಲು ಹಿಡಿದ ಕೈ ಬಂತು. ಆ ಮಾತು ಬಂತು, ಮಕಾರಿಯ ಬಾಯಿಂದ ಬಂದಂತೆ, ಅಟ್ಟೂವಿನ ಗುಡಿಯಿಂದ ಬಂದಂತೆ, ಒಂದು ಕೂದಲೆಳೆಯೂ ತಪ್ಪಿಲ್ಲದೆ.

ಹಿಂದೆ ಯಾರೋ ಕಿಸಕ್ಕೆಂದರು. ಅವರನ್ನು ಏನೆನ್ನುವುದು? ಆ ಭುಜ ಕಂಡರೆ ನಗುವುದನ್ನು ನಾವೇ ಕಲಿಸಿದ್ದೆವು. ಒಬ್ಬರಿಂದ ಇನ್ನೊಬ್ಬರಿಗೆ ಹತ್ತಿತು. ಉಪವಾಸದ ಹಿಂದಿನ ದಿನ, ಹೊಟ್ಟೆ ತುಂಬ ಎಣ್ಣೆಯಲ್ಲಿ ಕರಿದ ರೊಟ್ಟಿ ತಿಂದು ಬಂದಿದ್ದ ಜನ. ತಡೆಹಿಡಿದವರ ನಗು ಮೂಗಿನಿಂದ ಬಂತು. ಸೆರಾಫಿಮ್ “ಶ್, ಶ್” ಎಂದ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮಕಾರಿಯೂ ನಕ್ಕ. ಇದ್ದ ಅರ್ಧ ಬಾಯಿಯಲ್ಲಿ, ಯಾವಾಗಲೂ ನಗುತ್ತಿದ್ದ ಹಾಗೆ, ಕಣ್ಣಲ್ಲಿ ನೀರು ಬರುವವರೆಗೆ. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಅಗ್ರಫೀನಕ್ಕ ಎದ್ದಳು. ಮಕಾರಿಗೆ ಮುತ್ತಿಟ್ಟಳು. ಮುಂದಿನವರ ಮುಂದೆ ಬಗ್ಗಿದಳು, ನಮ್ಮ ಮಾತಿನಲ್ಲಿ ಕೇಳಿದಳು, ಉತ್ತರ ತಗೊಂಡಳು. ಸಾಲನ್ನು ಪೂರ್ತಿ ಮುಗಿಸಿಯೇ ಮನೆಗೆ ಹೋದಳು.

ನಾವಿಬ್ಬರೂ ಹಿಂದೆಯೇ ಹೋದೆವು. ಬಾಗಿಲಲ್ಲಿ ಮಿತ್ರೊಫಾನ್ ಟೋಪಿ ಹಿಂಡುತ್ತ ನಿಂತ. ಅವಳು ಒಲೆಯ ಮೇಲೆ ನೀರಿಟ್ಟಿದ್ದಳು.

“ಅಕ್ಕ, ನಾನು ಬೇಕಂತ ಮಾಡಿದ್ದಲ್ಲ.”

“ಗೊತ್ತು ಕಣೋ. ಒಳಗೆ ಬಾ, ಗಾಳಿ ನುಗ್ತಿದೆ.”

“ತಪ್ಪಾಯ್ತಾ? ಮಾತು ತಪ್ಪಾಯ್ತಾ?”

“ಮಾತು ಸರಿಯಿತ್ತು.” ಅವಳು ಬಟ್ಟಲು ಒರೆಸಿದಳು. “ಒಂದು ಸದ್ದೂ ತಪ್ಪಿರ್ಲಿಲ್ಲ. ಮಾವಂಗಿಂತ ಚೆನ್ನಾಗಿತ್ತು. ಆದ್ರೆ ಅವಳು ನಗ್ತಾ ನಗ್ತಾ ಕ್ಷಮಿಸಿದ ಹಾಗಾಯ್ತಲ್ಲೋ. ನಗೋಕೆ ಅವಳ ಹೊಟ್ಟೇಲಿ ಏನಿತ್ತು?”

ಯಾರು ಅವಳು ಎಂದು ಮಿತ್ರೊಫಾನ್ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ. ಅವನು ಗುಡಿಯಲ್ಲಿ ತನ್ನ ಸರದಿ ಬಿಟ್ಟುಹೋಗಿತ್ತೆಂದು ನೆನಪಾಗಿ, ಅಲ್ಲೇ ಒಲೆಯ ಮುಂದೆ ಬಗ್ಗಿ “ನನ್ನನ್ನು ಕ್ಷಮಿಸು” ಎಂದ. ನಮ್ಮ ಮಾತಿನಲ್ಲಿ.

“ದೇವರು ಕ್ಷಮಿಸ್ತಾನೆ” ಎಂದಳು ಅವಳು, ನಮ್ಮ ಮಾತಿನಲ್ಲೇ.

ಚಹಾ ಕುಡಿದೆವು. ಏನಾದರೂ ಹೇಳಬೇಕೆಂದು ನಾನು, “ಬೇಸಿಗೆಗೆ ಮಾವ ಸುಧಾರಿಸ್ಕೋಬಹುದು ಅಕ್ಕ” ಎಂದೆ. ಅವಳು ನನ್ನನ್ನು ಮಕ್ಕಳನ್ನು ನೋಡುವಂತೆ ನೋಡಿದಳು.

“ಇಲ್ಲ ಲುಕೇರಿಯ. ಬರೋ ವರ್ಷ ನಿಮ್ಮ ಮಾತಲ್ಲೇ ಕ್ಷಮೆ ಕೇಳ್ತೀನಿ. ನೀನು ಎದುರಿಗೆ ನಿಂತು ನಿಮ್ಮ ಮಾತಲ್ಲೇ ಉತ್ತರ ಹೇಳು.”

“ವಸ್ಸಂಗೆ ತಿಳಿಯುತ್ತಾ?” ಎಂದೆ, ಬಾಯಿ ತಪ್ಪಿ.

ಅವಳು ಬಟ್ಟಲನ್ನು ತುಟಿಗೆ ತಂದು ಊದಿ ಆರಿಸಿದಳು.

“ಅವಳಿಗೆ ಗೊತ್ತಾಗಲ್ಲ” ಎಂದಳು.